ನಾಲ್ಕು ಸಾವಿರ ಓದುಗರು, ಆಮೇಲೆ ಗಂಡ

ಶುಕ್ರವಾರ ಮಧ್ಯಾಹ್ನ ಸ್ವಿಲೆನ್ ತಾನು ಕೆಲಸ ಮಾಡುವ ಗೊಂಬೆಯಾಟದ ರಂಗಮಂದಿರದ ಹಿಂಬಾಗಿಲಿನಿಂದ ಒಳಗೆ ಬಂದಾಗ ಟಿಕೆಟ್ ಕೊಡುವ ಸ್ತಾಂಕಾ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತಳು.

"ಎಲ್ಲಿ ಚಾಕೊಲೇಟು?"

"ಯಾವ ಚಾಕೊಲೇಟು?"

"ನೋಡಿ ಇವನ್ನ. ಊರಿಗೆಲ್ಲ ಗೊತ್ತಾಗಿದೆ, ಇವನು ಯಾವ ಚಾಕೊಲೇಟು ಅಂತಾನೆ. ಜಿಪುಣ ಕಣೋ ನೀನು. ನಿಮ್ಮಪ್ಪನೂ ಹೀಗೇ ಇದ್ದ."

ಅವರ ಊರು ರೂಸೆಯಲ್ಲಿ ಯಾರ ಮನೆಯಲ್ಲಿ ಏನು ಒಳ್ಳೆಯದಾದರೂ ಅವರು ಕೆಲಸದ ಜಾಗಕ್ಕೆ ಒಂದು ಡಬ್ಬಿ ಚಾಕೊಲೇಟು ತಂದು ಎಲ್ಲರ ಮುಂದೆ ಹಿಡಿಯಬೇಕು. ಕಾರು ಕೊಂಡರೂ ಅಷ್ಟೇ, ಮಗುವಿಗೆ ಹಲ್ಲು ಬಂದರೂ ಅಷ್ಟೇ. ತೆಗೆದುಕೊಳ್ಳುವವರು ಏನು ವಿಶೇಷ ಎಂದು ಕೇಳುತ್ತಾರೆ, ಹಾರೈಸುತ್ತಾರೆ, ಬಾಯಿಗೆ ಹಾಕಿಕೊಳ್ಳುತ್ತಾರೆ. ಇವತ್ತು ಸ್ತಾಂಕಾ ಏನು ವಿಶೇಷ ಎಂದು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವನು ಸ್ವಿಲೆನ್.

ಊರಿಗೆ ಎಲ್ಲಿಂದ ಗೊತ್ತಾಯಿತು ಎಂಬುದರಲ್ಲಿ ಮಾತ್ರ ಅವನಿಗೆ ಅನುಮಾನವಿರಲಿಲ್ಲ. ಅವನ ಹೆಂಡತಿ ಬೊರ್ಯಾನಾ ಪ್ರತಿ ಶುಕ್ರವಾರ ಬೆಳಿಗ್ಗೆ ನಾಲ್ಕು ಸಾವಿರ ಜನಕ್ಕೆ ಇಮೇಲಿನಲ್ಲಿ ಒಂದು ಪತ್ರ ಕಳಿಸುತ್ತಿದ್ದಳು. ಹೆಸರು 'ವಾರದ ಸಿಹಿ'. ಆ ವಾರ ಅವಳು ನೋಡಿದ, ಕೇಳಿದ ವಿಷಯಗಳಲ್ಲಿ ಮನಸ್ಸಿಗೆ ಹಿತವಾದವು ಅದರಲ್ಲಿ ಇರುತ್ತಿದ್ದವು: ಯಾರೂ ಯಾರ ಕೆನ್ನೆಗೂ ಹೊಡೆಯದ ಟರ್ಕಿ ಧಾರಾವಾಹಿ, ಹಳ್ಳಿಯ ಅಜ್ಜಿಯರು ಸೇರಿ ಡಿಸ್ಕೊ ಹಾಡು ಹೇಳುವ ವಿಡಿಯೊ, ನೋಡುವವರನ್ನು ಅಳಿಸದೆ ಮುಗಿಯುವ ಒಂದು ನಾಯಿಯ ಸಿನಿಮಾ. ಕೊನೆಯಲ್ಲಿ 'ನಮ್ಮ ಮನೆಯಿಂದ' ಎಂದು ನಾಲ್ಕು ಸಾಲು. ಬಹುಪಾಲು ಜನ ಮೊದಲು ಓದುವುದು ಆ ನಾಲ್ಕು ಸಾಲನ್ನೇ.

ಮೊದಮೊದಲು ಸ್ವಿಲೆನ್ ಕೂಡ ಓದುತ್ತಿದ್ದ. ಬಾಲ್ಕನಿಯ ನಿಂಬೆ ಗಿಡ ಮೊದಲ ಕಾಯಿ ಬಿಟ್ಟದ್ದು ಅವನಿಗೆ ತಿಳಿದದ್ದು ಅದರಿಂದ. ಅದೇ ಬಾಲ್ಕನಿಯಲ್ಲಿ ನಿಂತು ಅವನು ದಿನವೂ ಸಿಗರೇಟು ಸೇದುತ್ತಿದ್ದ. ಅವನು ಹಳೆಯ ಕಾರ್ಟೂನ್ ಹಾಡಿನ ತಾಳಕ್ಕೆ ಸರಿಯಾಗಿ ಗೊರಕೆ ಹೊಡೆಯುತ್ತಾನೆ ಎಂದು ಅವಳು ಬರೆದ ವಾರ, ಸಂತೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಈರುಳ್ಳಿ ಆರಿಸುತ್ತ ಇವನ ಮುಖ ನೋಡಿ ಆ ಹಾಡು ಗುನುಗಿದಳು. ಅಂದು ಸಂಜೆ ಅವನು, "ಇನ್ನು ಮೇಲೆ ನಿನ್ನ ಪತ್ರ ಓದಲ್ಲ" ಎಂದ.

"ನಿನ್ನಿಷ್ಟ" ಎಂದಳು ಬೊರ್ಯಾನಾ.

ಅಷ್ಟೇ. ದೂರದ ವಿದಿನ್ ಊರಿನ ಯಾರೋ ಒಬ್ಬ ಓದುಗ ಪತ್ರ ಬೇಡ ಎಂದು ಹೆಸರು ತೆಗೆಸಿದರೆ ಅವಳು ಎರಡು ದಿನ ಮಂಕಾಗಿರುತ್ತಿದ್ದಳು. ಗಂಡ ಓದುವುದು ಬಿಟ್ಟರೆ ಅರ್ಧ ನಿಮಿಷವೂ ಇಲ್ಲ. ನಡುವೆ ಬಂದದ್ದು ಇನ್ನೊಬ್ಬ ಗಂಡಸಾಗಿದ್ದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ನಾಲ್ಕು ಸಾವಿರ ಜನರ ಕೊರಳಪಟ್ಟಿ ಹಿಡಿಯುವುದು ಹೇಗೆ? ಸಂಜೆ ಅವಳು ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನು ನೋಡಿ ನಗುತ್ತಿದ್ದಳು. ಏನು ಎಂದರೆ, "ಏನಿಲ್ಲ, ಯಾರೋ ಓದುಗರು." ಅವನ ಜೊತೆ ಅವಳು ಹಾಗೆ ನಕ್ಕು ಎಷ್ಟು ದಿನವಾಯಿತೆಂದು ಅವನು ಆಗೆಲ್ಲ ಯೋಚಿಸುತ್ತಿದ್ದ.

ಈಗಲೂ ಫೋನು ಜೇಬಿನಲ್ಲೇ ಇತ್ತು. ತೆರೆದರೆ ಗೊತ್ತಾಗುತ್ತಿತ್ತು. ಆದರೆ ಹಾಗೆ ತೆರೆದು ನೋಡಿದರೆ ತಾನೂ ಸಾಲಿನ ಕೊನೆಯಲ್ಲಿ ನಿಂತ ಇನ್ನೊಬ್ಬ ಓದುಗ. ಅದಕ್ಕೆ ಅವನು ತಯಾರಿರಲಿಲ್ಲ. ಸ್ತಾಂಕಾಳನ್ನು ಕೇಳುವುದು ಇನ್ನೂ ಅವಮಾನ. ಹೋಗಿ ಮೂಲೆಯ ಅಂಗಡಿಯಲ್ಲಿ ಒಂದು ಡಬ್ಬಿ ಚಾಕೊಲೇಟು ಕೊಂಡು ತಂದ. ಯಾವುದಕ್ಕೆಂದು ಗೊತ್ತಿಲ್ಲದೆ ಹಂಚಲು ನಿಂತ.

"ಶುಭ ಗಳಿಗೇಲಿ ಆಗಲಪ್ಪ" ಎಂದಳು ಸ್ತಾಂಕಾ. ಕಾರಿಗೂ ಮಗುವಿಗೂ ಮನೆಗೂ ಅವಳು ಅನ್ನುವುದು ಅದನ್ನೇ.

"ಥ್ಯಾಂಕ್ಸ್, ಚಿಕ್ಕಮ್ಮ."

"ಇನ್ನು ಒಬ್ಬನೇ ಇರೋ ದಿನ ಊಟಕ್ಕೆ ಏನ್ಮಾಡ್ತೀಯೋ?"

ಒಬ್ಬನೇ ಇರುವ ದಿನ ಯಾವುದು? "ಏನೋ ಒಂದು ಮಾಡ್ಕೋತೀನಿ" ಎಂದು ಸ್ವಿಲೆನ್ ಡಬ್ಬಿಯನ್ನು ಕ್ರುಮ್ ಕಡೆಗೆ ತಿರುಗಿಸಿದ. ಕ್ರುಮ್ ತೋಳದ ಗೊಂಬೆ ಆಡಿಸುವವನು. ಎಡಗೈಗೆ ತೋಳ ಹಾಕಿಕೊಂಡೇ ಇದ್ದ. ಬಲಗೈಯಿಂದ ಎರಡು ಚಾಕೊಲೇಟು ತೆಗೆದುಕೊಂಡ.

"ಒಂದು ನಂದು, ಒಂದು ತೋಳದ್ದು. ವಿಚಿತ್ರ ನೋಡು, ಸೋಫಿಯಾ ರೇಡಿಯೊದವರ ಬಾಗಿಲು ನೀನು ಎರಡು ಸಲ ಬಡಿದೆ. ನಿನ್ನ ಹೆಂಡ್ತಿ ಬಡೀಲೇ ಇಲ್ಲ, ಅವರೇ ಬಂದು ತೆಗೆದ್ರು. ಶನಿವಾರ ಭಾನುವಾರ ಬೆಳಿಗ್ಗೆ ಒಂದೊಂದು ಗಂಟೆ ಅವಳ ಕಾರ್ಯಕ್ರಮ, ಅಲ್ವಾ? ಒಳ್ಳೆ ಹೊತ್ತು ಕೊಟ್ಟಿದ್ದಾರೆ."

"ಹೂಂ" ಎಂದ ಸ್ವಿಲೆನ್. "ಒಳ್ಳೆ ಹೊತ್ತು."

"ಹೊಟ್ಟೆ ಉರೀತಿಲ್ವಾ?"

"ಉರಿಯೋಕೇನಿದೆ?"

"ನನಗಂತೂ ಉರೀತಿತ್ತಪ್ಪ" ಎಂದು ಕ್ರುಮ್ ತೋಳದ ಬಾಯಿ ಅಗಲಿಸಿ ತೋರಿಸಿದ. "ಹೀಗೆ."

ಸ್ವಿಲೆನ್ ಧ್ವನಿ ವಿಭಾಗದವನು. ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಮಕ್ಕಳ ನಾಟಕಗಳಿಗೆ ಗುಡುಗು, ಕಪ್ಪೆ, ಕುದುರೆ ಕೊಡುವವನು. ಓದುವ ಕಾಲದಿಂದ ಅವನಿಗೆ ಬೇಕಿದ್ದದ್ದು ರಾಜಧಾನಿ ಸೋಫಿಯಾದ ರೇಡಿಯೊ. ಎರಡನೆಯ ಸಲ ಅರ್ಜಿ ಹಾಕಿದಾಗ ಪರೀಕ್ಷೆಗೆ ಕರೆದಿದ್ದರು. ಆಮೇಲೆ ಸುದ್ದಿಯಿಲ್ಲ. ಬೇಡ ಎಂದು ಹೇಳುವಷ್ಟು ಮರ್ಯಾದೆಯನ್ನೂ ಅವರು ಕೊಟ್ಟಿರಲಿಲ್ಲ. ಅಂದಿನ ಆಟದಲ್ಲಿ ಕುದುರೆ ಬರುವಲ್ಲಿ ಅವನು ಕಪ್ಪೆ ಕೂಗಿಸಿದ. ಮಕ್ಕಳು ನಕ್ಕರು.

ಸಂಜೆ ಮನೆಗೆ ಹೋದಾಗ ಬೊರ್ಯಾನಾ ಅಡುಗೆಮನೆಯಲ್ಲಿ ದೊಣ್ಣೆಮೆಣಸಿನಕಾಯಿಗೆ ಅಕ್ಕಿ, ಖೀಮಾ ತುಂಬುತ್ತ ನಿಂತಿದ್ದಳು.

"ಹಂಚಿ ಬಂದೆ" ಎಂದ.

"ಏನು?"

"ಚಾಕೊಲೇಟು. ನೀನು ರೇಡಿಯೊಗೆ ಹೋಗ್ತಿರೋದಕ್ಕೆ. ಕ್ರುಮ್ ಎರಡು ತಿಂದ."

ಅವಳ ಕೈ ನಿಂತಿತು. "ಓದಿದ್ಯಾ?"

"ನಾನ್ಯಾಕೆ ಓದ್ಲಿ? ಊರೇ ಓದಿ ಹೇಳುತ್ತೆ."

"ನಿನಗೆ ಹೇಳೋಣ ಅಂತಿದ್ದೆ."

"ಯಾವಾಗ? ರೈಲು ಹತ್ತುವಾಗ್ಲಾ?"

"ಮಂಗಳವಾರ ಫೋನ್ ಬಂತು. ನೀನು ಬರೋದನ್ನೇ ಕಾಯ್ತಿದ್ದೆ. ನೀನು ಬಂದೆ, ಶೂ ಬಿಚ್ಚುತ್ತಾ ಸ್ಪೀಕರ್ ಸುಟ್ಟೋಯ್ತು ಅಂದೆ, ನಿರ್ದೇಶಕ ಕತ್ತೆ ಅಂದೆ, ಸೂಪಿಗೆ ಉಪ್ಪಿಲ್ಲ ಅಂದೆ. ಆಮೇಲೆ ಹೇಳೋ ಮನಸ್ಸಾಗ್ಲಿಲ್ಲ."

"ನಾಲ್ಕು ಸಾವಿರ ಜನಕ್ಕೆ ಹೇಳೋ ಮನಸ್ಸಾಯ್ತು."

"ಆಯ್ತು." ಅವಳು ತಿರುಗಿ ನಿಂತಳು. "ಅವರಿಗೆ ಹೇಳಿದ್ರೆ ಸುದ್ದಿ ದೊಡ್ಡದಾಗುತ್ತೆ ಸ್ವಿಲೆನ್. ನಿನಗೆ ಹೇಳಿದ್ರೆ ಸಣ್ಣದಾಗುತ್ತೆ. ಸಾವಿರ ಓದುಗರಾದ್ರು ಅಂತ ನಾನು ಹೇಳಿದಾಗ, ಅದ್ರಲ್ಲಿ ತೆರೆದು ನೋಡೋರು ಎಷ್ಟು ಅಂದೆ. ತಂಗಿಗೆ ನಿಶ್ಚಿತಾರ್ಥ ಅಂದಾಗ, ಹುಡುಗ ಕುಡೀತಾನಾ ಅಂದೆ."

"ಕುಡೀತಾನೆ ತಾನೆ?"

"ಕುಡೀತಾನೆ. ಆದ್ರೂ."

ಸ್ವಿಲೆನ್ ಕುರ್ಚಿ ಎಳೆದು ಕೂತ. ಅವಳು ಹೇಳುತ್ತಿರುವುದು ಸುಳ್ಳಲ್ಲ. ಅದಕ್ಕೇ ಸಿಟ್ಟು ಇನ್ನೂ ಏರಿತು.

"ಅದೂ ಅಲ್ಲದೆ ಇದು ರೇಡಿಯೊ" ಎಂದಳು ಅವಳು, ಮೆಲ್ಲಗೆ. "ಬೇರೆ ಏನಾದ್ರೂ ಆಗಿದ್ರೆ ಧೈರ್ಯ ಮಾಡ್ತಿದ್ದೆ."

"ನಾನು ಉರಿದು ಸಾಯ್ತೀನಿ ಅಂದ್ಕೊಂಡ್ಯಾ?"

"ಉರೀತಿಲ್ವಾ?"

"ಇಲ್ಲ."

ಅವಳು ಕೊನೆಯ ಮೆಣಸಿನಕಾಯಿ ತುಂಬಿ ಪಾತ್ರೆಯಲ್ಲಿಟ್ಟಳು. ಆಮೇಲೆ ಅವಳು ಕೈ ತೊಳೆದು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತಂದಿಟ್ಟಳು.

"ಒಪ್ಪಂದಕ್ಕೆ ಇನ್ನೂ ಸಹಿ ಆಗಿಲ್ಲ. ಹತ್ತು ನಿಮಿಷದ ಮಾದರಿ ಕೇಳಿದ್ದಾರೆ, ಇವತ್ತೇ ಕಳಿಸ್ಬೇಕು. ವರ್ನಾದ ಇನ್ನೊಬ್ಬಳದೂ ಕೇಳಿದ್ದಾರಂತೆ. ಎರಡನ್ನೂ ಕೇಳಿ ಒಬ್ಬರನ್ನ ತಗೋತಾರೆ."

"ಹಾಗಿದ್ದೂ ಆಗೇ ಹೋಯ್ತು ಅಂತ ಬರೆದುಬಿಟ್ಯಾ?"

"ಖುಷಿ ತಡ್ಕೊಳ್ಳೋಕಾಗ್ಲಿಲ್ಲ. ಬೈಬೇಡ. ಮಧ್ಯಾಹ್ನ ಇಲ್ಲೇ ಕೂತು ಮಾತಾಡಿ ರೆಕಾರ್ಡ್ ಮಾಡಿದ್ದೀನಿ. ಒಂದ್ಸಲ ಕೇಳ್ತೀಯಾ?"

ಅವನು ಚೀಲದಿಂದ ತನ್ನ ಹೆಡ್‌ಫೋನು ತೆಗೆದು ಕಿವಿಗೆ ಹಾಕಿಕೊಂಡ.

ಕೆಟ್ಟದಾಗಿರುತ್ತದೆ ಎಂದುಕೊಂಡಿದ್ದ. ಅವಳ ಗಂಟಲು ಕೀಚಲಾಗುತ್ತದೆ, ಉಸಿರು ತಪ್ಪುತ್ತದೆ, ಓದಿದ ಹಾಗೆ ಕೇಳುತ್ತದೆ ಎಂದು. ಹಾಗಾಗಲಿಲ್ಲ. ಆ ಅಜ್ಜಿಯರ ಡಿಸ್ಕೊ ಹಾಡಿನ ಬಗ್ಗೆ ಅವಳು ಹೇಳುತ್ತಿದ್ದಳು. ಅವರಲ್ಲಿ ಒಬ್ಬಳಿಗೆ ಹಲ್ಲಿಲ್ಲ, ಆದರೂ ಎಲ್ಲರಿಗಿಂತ ಜೋರು. ಎದುರಿಗೆ ಒಬ್ಬರೇ ಕೂತಿದ್ದಾರೆ, ಅವರೆಂದರೆ ತನಗೆ ಇಷ್ಟ, ಅವರು ನಗುತ್ತಾರೆಂದು ತನಗೆ ಗೊತ್ತು ಎನ್ನುವಂತೆ ಮಾತಾಡುತ್ತಿದ್ದಳು. ಮದುವೆಯಾದ ಆರು ವರ್ಷದಲ್ಲಿ ಈ ಧ್ವನಿಯನ್ನು ಅವನು ಮನೆಯಲ್ಲಿ ಕೇಳಿರಲಿಲ್ಲ. ಆ ಎದುರಿಗೆ ಕೂತವರು ಯಾರೋ, ಅವರ ಮೇಲೆ ಅವನಿಗೆ ಎಂಥ ದ್ವೇಷ ಬಂತೆಂದರೆ ಒಂದು ಕ್ಷಣ ಮಾತೇ ಕೇಳಿಸಲಿಲ್ಲ.

ಮಾತು ಕೇಳಿಸದಾದಾಗ ಬೇರೆಯದು ಕೇಳಿಸಿತು. ಅವಳ ಧ್ವನಿಯ ಕೆಳಗೆ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಸಣ್ಣ ಸದ್ದು, ಲ್ಯಾಪ್‌ಟಾಪಿನಲ್ಲಿ ಹಾಗೇ ಹಾಕಿ ಕೇಳಿದರೆ ಗೊತ್ತಾಗುವುದಿಲ್ಲ, ಬೊರ್ಯಾನಾಗೂ ಗೊತ್ತಾಗಿಲ್ಲ. ರೇಡಿಯೊದವರ ದೊಡ್ಡ ಸ್ಪೀಕರಿನಲ್ಲಿ ಮೊದಲ ಸಾಲು ಮುಗಿಯುವುದರೊಳಗೆ ಗೊತ್ತಾಗುತ್ತದೆ. ಕೊನೆಗೆ ಬರುತ್ತ ಮೋಟಾರು ಗಕ್ಕನೆ ನಿಂತು, ಅವಳು ಬೇರೆ ಕೋಣೆಗೆ ಹೋಗಿ ಮಾತು ಮುಂದುವರಿಸಿದಂತೆ ಕೇಳಿತು. ಇಂಥದ್ದನ್ನು ಕೇಳಿದವರು ಇವಳಿಗೆ ಕೆಲಸ ಗೊತ್ತಿಲ್ಲ ಎನ್ನುತ್ತಾರೆ. ಅಜ್ಜಿಯ ಹಲ್ಲಿನವರೆಗೆ ಕಾಯುವುದಿಲ್ಲ. ಫ್ರಿಜ್ಜಿನ ಪ್ಲಗ್ಗು ಕಿತ್ತು, ಕಿಟಕಿಗೆ ಕಂಬಳಿ ಕಟ್ಟಿ, ರಂಗಮಂದಿರದ ಮೈಕು ತಂದರೆ ಊಟಕ್ಕೆ ಮುಂಚೆ ಮತ್ತೊಮ್ಮೆ ಮಾಡಿ ಮುಗಿಸಬಹುದಿತ್ತು. ಈ ಊರಿನಲ್ಲಿ ಅದನ್ನು ಅವನಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿರಲಿಲ್ಲ.

ಅವನು ಹೆಡ್‌ಫೋನು ತೆಗೆದ. ಬೊರ್ಯಾನಾ ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದಳು.

"ಹೇಳು. ಆದ್ರೆ ಇವತ್ತೊಂದಿನ ತಪ್ಪು ಹುಡುಕ್ಬೇಡ. ದಯವಿಟ್ಟು."

"ಚೆನ್ನಾಗಿದೆ" ಎಂದ.

"ಅಷ್ಟೇನಾ?"

"ಅಷ್ಟೇ. ತುಂಬಾ ಚೆನ್ನಾಗಿದೆ."

"ಉಸಿರು? ಧ್ವನಿ? ಏನೂ ಸರಿ ಮಾಡೋದಿಲ್ವಾ?"

"ಏನೂ ಇಲ್ಲ. ಮುಟ್ಟಬೇಡ. ಹೀಗೇ ಕಳಿಸು."

ಅವಳು ಅವನ ಮುಖವನ್ನೇ ನೋಡಿದಳು, ತಮಾಷೆ ಎಲ್ಲಿದೆಯೆಂದು ಹುಡುಕುವವಳ ಹಾಗೆ. ಸಿಗಲಿಲ್ಲ. ಎದುರಿನ ಕುರ್ಚಿಯಲ್ಲಿ ಕುಸಿದು ಕೂತು ನಕ್ಕಳು. ನಗುತ್ತ ಮೂಗು ಒರೆಸಿಕೊಂಡಳು.

"ನೀನು ಯಾವತ್ತೂ ಹೀಗೆ ಹೇಳಿಲ್ಲ ಗೊತ್ತಾ? ಯಾವುದಕ್ಕೂ."

"ಗೊತ್ತು."

"ಇದನ್ನ ಮುಂದಿನ ಶುಕ್ರವಾರ ಬರೀಲಾ? ನಿನ್ನನ್ನ ಕೇಳ್ದೆ ಬರೆಯಲ್ಲ. ಬೇಡ ಅಂದ್ರೆ ಬೇಡ."

ಅವಳು ಅವನನ್ನು ಹೀಗೆ ಕೇಳಿದ್ದು ಇದೇ ಮೊದಲು. ಈಗಲೂ ಹೇಳಬಹುದಿತ್ತು. ಫ್ರಿಜ್ಜು ಅವನ ಬೆನ್ನ ಹಿಂದೆಯೇ ಇತ್ತು, ಓಡುತ್ತಲೂ ಇತ್ತು. ಮುಂದೆ ಬರಲಿರುವ ಸುದ್ದಿ ನಾಲ್ಕು ಸಾವಿರ ಜನಕ್ಕಿಂತ ಮೊದಲು, ಅವಳಿಗಿಂತಲೂ ಮೊದಲು, ಅವನೊಬ್ಬನಿಗೇ ಗೊತ್ತಿತ್ತು.

"ಬರಿ" ಎಂದ.

ಅವಳು ಕಡತವನ್ನು ಸೋಫಿಯಾಕ್ಕೆ ಕಳಿಸಿ, ಎದ್ದು ಬಂದು, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿಗೆ ಮುತ್ತಿಟ್ಟಳು. ಕೈಯಲ್ಲಿ ಇನ್ನೂ ಮೆಣಸಿನಕಾಯಿಯ ವಾಸನೆಯಿತ್ತು. ಸ್ವಿಲೆನ್ ಕಣ್ಣು ಮುಚ್ಚಿ ಅಲುಗಾಡದೆ ಕೂತಿದ್ದ.