ಸೋಮವಾರದ ಮಾತ್ರೆ

"ಒಂಬತ್ತನೇ ಕ್ಲಾಸಲ್ಲಿ ಮೇಷ್ಟ್ರಿಗೆ ಹೊಡೆದು ಓಡಿಬಂದೋನು, ಡಾಕ್ಟ್ರನ್ನ ಪ್ರಶ್ನೆ ಕೇಳ್ತೀಯೇನ್ಲಾ? ಚಟ್ಟ ಕಟ್ಟೋದ್ ನೋಡ್ಕೊ, ಹೋಗು."

ಪಂಚಾಯ್ತಿ ಮೆಂಬರು ಉಮೇಶ್ ಇದನ್ನು ಹೆಣದ ಮುಂದೆ, ಊರವರೆಲ್ಲ ಕೂತಿದ್ದ ಶಾಮಿಯಾನದ ಕೆಳಗೆ ಹೇಳಿದ. ಬಿದಿರಿಗೆ ಹಗ್ಗ ಸುತ್ತುತ್ತಿದ್ದ ಮುನೇಶ್ ತಲೆ ಎತ್ತಿದ. ಹೆಣ ಅವನ ತಂಗಿ ರಜನಿಯದು. ಹತ್ತೊಂಬತ್ತು ವರ್ಷದವಳು. ನರಸಾಪುರದ ಕಂಪನಿ ಬಸ್ಸಿನಿಂದ ಇಳಿಯುವಾಗ ಕುಸಿದವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ, ಮೈಯಲ್ಲಿ ರಕ್ತವೇ ಇಲ್ಲವಲ್ಲ, ಇಷ್ಟು ದಿನ ಹೇಗೆ ಓಡಾಡಿದಳು ಎಂದು ಅಲ್ಲಿನವರು ಇವನನ್ನೇ ಕೇಳಿದ್ದರು.

ಕುರ್ಚಿಯಲ್ಲಿ ಕೂತಿದ್ದವರು ಡಾಕ್ಟರ್ ಅಮರನಾಥ್. ಅವರನ್ನು ಕರೆತಂದವನು ಉಮೇಶ್. ಹದಿಹರೆಯದ ಹುಡುಗಿಯರ ರಕ್ತಹೀನತೆಯ ಮೇಲೆ ಮಾಡಿದ ಸಂಶೋಧನೆಗೆ ಹೋದ ವಾರವಷ್ಟೇ ಅವರಿಗೆ ದೆಹಲಿಯಲ್ಲಿ ದೊಡ್ಡ ಪ್ರಶಸ್ತಿ ಸಿಕ್ಕಿತ್ತು. ಸಂಶೋಧನೆ ನಡೆದದ್ದು ಇದೇ ಊರು, ಬೈರಕೂರಿನ ಸುತ್ತಿನ ಶಾಲೆಗಳಲ್ಲಿ. ಅಭಿನಂದನೆಯ ಬ್ಯಾನರು ಬಸ್ ಸ್ಟಾಂಡಿನಲ್ಲಿ ಇನ್ನೂ ತೂಗುತ್ತಿತ್ತು. ಅದರಲ್ಲಿ ಬಾಯಿ ತೆರೆದು ಮಾತ್ರೆ ನುಂಗುತ್ತಿರುವ ಹುಡುಗಿ ರಜನಿಯೇ.

"ನಾನ್ ಕೇಳಿದ್ದು ಒಂದೇ ಮಾತು," ಎಂದ ಮುನೇಶ್. "ನಿಮ್ ಮಾತ್ರೆಯಿಂದ ನನ್ ತಂಗಿ ರಕ್ತ ಏರಿತ್ತಾ, ಇಲ್ವಾ?"

"ಒಟ್ಟಾರೆ ತಾಲ್ಲೂಕಲ್ಲಿ ಏರಿತ್ತು, ಮುನೇಶ್. ಸರಾಸರಿ ತಗೊಂಡ್ರೆ..."

"ಸರಾಸರೀನ ಹೂಳೋಕ್ ಸೇರಿಲ್ಲ ಸಾರ್ ನಾವಿಲ್ಲಿ."

"ನೋಡಿದ್ರಾ ಇವನ ಬಾಯಿ," ಎಂದ ಉಮೇಶ್. "ಸಾರ್ ಒಂದ್ ಮಾತ್ ಹೇಳಿದ್ರೆ ಊರಿಗೆ ಆಸ್ಪತ್ರೆ ಬರುತ್ತೆ. ಅದ್ಕೂ ಕಲ್ಲು ಹಾಕ್ತಾನೆ."

ತಾಯಿ ಮುನಿಯಲ್ಲಮ್ಮ "ನಾ ತಲ್ಲಿ, ನಾ ಬಂಗಾರು ತಲ್ಲಿ" ಎಂದು ಮನೆಮಾತು ತೆಲುಗಿನಲ್ಲಿ ಹಲುಬುತ್ತ ಮಗಳ ಕಾಲು ಉಜ್ಜುತ್ತಲೇ ಇದ್ದಳು. ಬಿಳಿಚಿದ ಪಾದಕ್ಕೆ ಬಳಿದ ಅರಿಶಿನ ಅವಳ ಅಂಗೈಗೆ ಬರುತ್ತಿತ್ತು.

"ಮಾತ್ರೆ ನುಂಗಿದ್ರೆ ರಕ್ತ ಏರಲೇಬೇಕು," ಡಾಕ್ಟರ್ ಮೆತ್ತಗೆ ಹೇಳಿದರು. "ನುಂಗದೆ ಇದ್ದಿದ್ರೆ ನಮಗೆ ಹೇಗೆ ಗೊತ್ತಾಗಬೇಕು, ಹೇಳಿ."

ಹೆಂಗಸರ ನಡುವಿನಿಂದ ವಾಣಿಶ್ರೀ ಎದ್ದಳು. ರಜನಿಯ ಜತೆ ಓದಿ, ಜತೆಯಲ್ಲೇ ಕಂಪನಿಗೆ ಸೇರಿದವಳು.

"ನಿಮಗೆ ಗೊತ್ತಿತ್ತು ಸಾರ್."

* * *

ರಜನಿ, ವಾಣಿಶ್ರೀ ಓದುತ್ತಿದ್ದಾಗ ಡಾಕ್ಟರ ಜೀಪು ಶಾಲೆಗೆ ಬರುತ್ತಿದ್ದದ್ದು ಸೋಮವಾರ. ಬಿಸಿಯೂಟವಾದ ಮೇಲೆ ಹುಡುಗಿಯರು ಸಾಲಾಗಿ ನಿಂತು ಮಾತ್ರೆ ನುಂಗಬೇಕು. ಆದರೆ ಸೋಮವಾರ ಆ ಸಾಲಿನ ಅರ್ಧ ಹುಡುಗಿಯರಿಗೆ ಒಪ್ಪತ್ತು. ಸಂಜೆ ಈಶ್ವರನಿಗೆ ದೀಪ ಹಚ್ಚುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ಮೊದಲ ವಾರ ಮೇಷ್ಟ್ರ ಹೆದರಿಕೆಗೆ ಬರೀ ಹೊಟ್ಟೆಯಲ್ಲಿ ನುಂಗಿದ ರಜನಿ ಧ್ವಜದ ಕಟ್ಟೆಯ ಮೇಲೆಯೇ ವಾಂತಿ ಮಾಡಿಕೊಂಡಳು. ಆಮೇಲೆ ಎಲ್ಲರೂ ಒಂದು ವಿದ್ಯೆ ಕಲಿತರು. ಮಾತ್ರೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುವುದು, ಬಾಯಿ ತೆರೆದು ತೋರಿಸುವುದು, ಕಾಂಪೌಂಡಿನ ಆಚೆಗೆ ಉಗುಳುವುದು.

ಒಂದು ದಿನ ರಜನಿಯೇ ಕೈ ಎತ್ತಿದಳು. "ಸಾರ್, ಮಂಗಳವಾರ ಕೊಡ್ತೀರಾ? ಇವತ್ತು ಅರ್ಧ ಜನ ನುಂಗಲ್ಲ ಸಾರ್, ಉಗೀತಾರೆ."

ಡಾಕ್ಟರ್ ನಕ್ಕರು. "ಮಧ್ಯದಲ್ಲಿ ದಿನ ಬದಲಾಯಿಸಿದ್ರೆ ಸ್ಟಡಿ ಕೆಡುತ್ತಮ್ಮ. ಎಲ್ಲಿ, ಬಾಯಿ ತೆಗಿ."

ಫೋಟೋ ತೆಗೆದದ್ದು ಆಗ.

* * *

ವಾಣಿಶ್ರೀ ಹೇಳಿ ಮುಗಿಸಿದಾಗ ಡಾಕ್ಟರ್ ಕನ್ನಡಕ ತೆಗೆದು ಒರೆಸತೊಡಗಿದರು.

ಅವರ ನೆರವಿಗೆ ಉಮೇಶನೇ ಬಂದ. "ಆಯ್ತು ಕಣಮ್ಮ, ದಿನದ ಮಾತು ಬಿಡು. ಒಪ್ಪತ್ತು ಯಾಕ್ ಮಾಡ್ತಿದ್ಳು ಅವ್ಳು? ಅದ್ನೂ ಹೇಳು. ಒಳ್ಳೇ ಗಂಡ ಸಿಗ್ಲಿ ಅಂತಾನಾ?"

"ಗಂಡನಿಗಲ್ಲ." ವಾಣಿಶ್ರೀ ಮುನೇಶನ ಕಡೆ ನೋಡಿ ತಲೆ ತಗ್ಗಿಸಿದಳು. "ಬೇಡ ಬಿಡಿ."

"ಯಾಕ್ ಬೇಡ? ಹೇಳು," ಎಂದ ಉಮೇಶ್.

ಹೇಳಿದವಳು ಮುನಿಯಲ್ಲಮ್ಮ, ಮಗಳ ಕಾಲಿನಿಂದ ಕೈ ತೆಗೆಯದೆ. "ಅಣ್ಣನ ಕೋಪ ಇಳೀಲಿ ಅಂತ. ಇವನು ಮೇಷ್ಟ್ರಿಗೆ ಹೊಡೆದು ಬಂದ ವಾರದಿಂದ ಹಿಡಿದಿದ್ಳು. ಕಂಪನಿಗೆ ಹೋದ್ಮೇಲೂ ಬಿಡ್ಲಿಲ್ಲ. ತಲೆ ಸುತ್ತುತ್ತೆ ಅಂತೀಯಲ್ಲ, ಬಿಡೇ ಅಂದ್ರೆ, ಇನ್ನೂ ಇಳಿದಿಲ್ವಲ್ಲಮ್ಮ ಅಂತಿದ್ಳು."

ಉಮೇಶ್ ಎಲ್ಲರಿಗೂ ಕೇಳುವಂತೆ ಹೇಳಿದ: "ಕೇಳಿಸ್ತೇನ್ಲಾ? ತಂಗೀನ ತಿಂದೋನು ನೀನು. ಡಾಕ್ಟ್ರಲ್ಲ."

ಊರು ಮುನೇಶನ ಕೈ ನೋಡಿತು. ಆ ಕೈ ಎಷ್ಟು ಬೇಗ ಏಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ತಡೆಯಲೆಂದು ಇಬ್ಬರು ಎದ್ದೂ ನಿಂತರು.

ಮುನೇಶ್ ಉಮೇಶನನ್ನು ದಾಟಿದ, ಡಾಕ್ಟರನ್ನು ದಾಟಿದ, ಓಣಿಗೆ ಇಳಿದ. ಅಲ್ಲಿ ಓಣಿಯ ಮುಕ್ಕಾಲು ಪಾಲು ಹಿಡಿದು ಡಾಕ್ಟರ ಕಾರು ನಿಂತಿತ್ತು. ಅವನ ಕೈ ಅದರ ಪಕ್ಕದ ಕನ್ನಡಿಯ ಮೇಲೆ ಬಿದ್ದಾಗ ಡ್ರೈವರು ಸೀಟಿನಲ್ಲೇ ಹಿಂದಕ್ಕೆ ಸರಿದ. ಮುನೇಶ್ ಕನ್ನಡಿಯನ್ನು ಮೆಲ್ಲಗೆ ಒಳಕ್ಕೆ ಮಡಚಿದ. ಚಟ್ಟಕ್ಕೂ ಹೊರುವವರ ಹೆಗಲಿಗೂ ಅಷ್ಟು ಜಾಗ ಸಾಲುತ್ತದೆಯೇ ಎಂದು ಗೋಡೆಯವರೆಗೆ ತೋಳು ಚಾಚಿ ನೋಡಿ, ಟೊಮೆಟೊ ತೋಟದಾಚೆ ಗುಂಡಿ ತೋಡುತ್ತಿದ್ದ ಕಡೆಗೆ ನಡೆದುಹೋದ.