ಉಳಿದ ಸ್ಕ್ರೂ

ವಾಚೇನೋ ಟಿಕ್ ಟಿಕ್ ಎನ್ನುತ್ತಿತ್ತು. ಆದರೆ ಮುದುಕನ ಮುಂದಿದ್ದ ಬಿಳಿ ಕಾಗದದ ಮೇಲೆ ಅಕ್ಕಿಕಾಳಿಗಿಂತ ಸಣ್ಣದೊಂದು ಸ್ಕ್ರೂ ಉಳಿದುಬಿಟ್ಟಿತ್ತು.

ವಾಚ್ ರಿಪೇರಿ ಅಂಗಡಿ ಈಗ ಮಗಳದು. ಹೋದ ತಿಂಗಳು ಅಪ್ಪ ಒಬ್ಬರ ವಾಚನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಳಿಸಿದ ಮೇಲೆ ಅವಳು ಷರತ್ತು ಹಾಕಿದ್ದಳು: ದಿನಾ ಬೆಳಿಗ್ಗೆ ಹಳೇ ವಾಚೊಂದನ್ನು ಪೂರ್ತಿ ಬಿಚ್ಚಿ ಜೋಡಿಸಬೇಕು, ತಲೆ ಚುರುಕಾಗಿರುತ್ತದೆ. ಒಂದು ದಿನ ತಪ್ಪಿದರೂ ಗಿರಾಕಿಗಳ ವಾಚು ಮುಟ್ಟುವ ಹಾಗಿಲ್ಲ. ಆ ಮೇಜು ಬಿಟ್ಟರೆ ಮುದುಕನಿಗೆ ಬೇರೆ ಲೋಕವಿರಲಿಲ್ಲ. ಒಪ್ಪಿದ್ದ. ಮಗಳು ಮೇಜಿನ ಮೇಲೆ ಬಗ್ಗಿ ಬಗ್ಗಿ ತಪಾಸಣೆ ಮಾಡುವುದನ್ನೂ ಹಲ್ಲು ಕಚ್ಚಿ ಸಹಿಸಿಕೊಂಡಿದ್ದ.

"ಅದೇನಪ್ಪಾ ಉಳಿದಿದ್ದು?" ಮಗಳು ಜಾರುತ್ತಿದ್ದ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು.

"ನನ್ನ ತಲೇದೇ ಇರ್ಬೇಕು" ಎಂದ. ಯಾರಿಗೂ ನಗು ಬರಲಿಲ್ಲ. ಮೇಜು ಕೈತಪ್ಪುವ ಭಯ ಅವನಿಗೆ.

"ಹೋಗ್ಲಿ ಬಿಡು, ವಯಸ್ಸಾಯ್ತಲ್ಲ." ಅವಳ ದನಿ ಮೆತ್ತಗಾದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಮತ್ತೆ ಬಿಚ್ಚಿದ. ಮತ್ತೆ ಜೋಡಿಸಿದ. ಎಲ್ಲ ತೂತುಗಳೂ ತುಂಬಿದವು. ಆ ಸ್ಕ್ರೂ ಮಾತ್ರ ಕರೆಯದೆ ಬಂದ ನೆಂಟನ ಹಾಗೆ ಅಲ್ಲೇ ಕೂತಿತ್ತು. ಈಗ ಅವನಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮಟದಿಂದ ಅದನ್ನೆತ್ತಿ ತಿರುಗಿಸಿ ನೋಡಿದ. ಈ ವಾಚಿಗೆ ಅದು ಉದ್ದವಾಯಿತು. ತಲೆಯ ಸುತ್ತ ಹಸಿರು ಕಿಲುಬು ಬೇರೆ.

"ಇದು ಬೆವರು ಕುಡಿದಿರೋ ಸ್ಕ್ರೂ ಕಣಮ್ಮ. ವಾಚಿನ ಒಳಗಿಂದಲ್ಲ."

"ಮತ್ತೆ ಎಲ್ಲಿಂದು?"

ಮುದುಕ ಅವಳ ಮುಖವನ್ನೇ ನೋಡಿದ. "ಎಲ್ಲಿ, ಸ್ವಲ್ಪ ಬಗ್ಗು."

ಬಗ್ಗಿದಳು. ಕನ್ನಡಕದ ಒಂದು ಕಡ್ಡಿ ಕಳಚಿ ಟಪ್ಪೆಂದು ಕಾಗದದ ಮೇಲೆ ಬಿತ್ತು.

"ಕಾವಲಿಗೆ ಬಂದವಳೇ ಬೀಳ್ಸಿದ್ಯಲ್ಲೇ!" ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳೂ ನಾಚಿ ನಕ್ಕಳು.

ಅಷ್ಟರಲ್ಲಿ ಗಿರಾಕಿಯೊಬ್ಬರು ನಿಂತುಹೋದ ವಾಚನ್ನು ಚಾಚಿದರು. ಕನ್ನಡಕವಿಲ್ಲದ ಮಗಳಿಗೆ ಎಲ್ಲ ಮಬ್ಬು ಮಬ್ಬು. ಅದನ್ನು ಇಸಿದುಕೊಂಡು, ಒಂದು ಕ್ಷಣ ಕೈಯಲ್ಲೇ ಹಿಡಿದಿದ್ದು, ಆಮೇಲೆ ಅಪ್ಪನ ಕಡೆ ಸರಿಸಿದಳು.

"ಮೊದ್ಲು ಅವರ ಹೆಸರಿನ ಚೀಟಿ ಕಟ್ಟಮ್ಮ, ಮರೆತುಬಿಡ್ತೀನಿ" ಎಂದ ಮುದುಕ. ತಲೆ ಎತ್ತಲಿಲ್ಲ. ಮಗಳ ಕನ್ನಡಕದ ಕಡ್ಡಿಗೆ ಆ ಸ್ಕ್ರೂವನ್ನು ತಿರುವುತ್ತಿದ್ದ.