ಜಾಲಿ ವಾಡೇದು, ಕೈ ನಮ್ಮವು

ಯಂಕವ್ವನ ಬಲಗೈ ಹೆಬ್ಬೆರಳಿನ ಉಗುರಿನ ಕೆಳಗೆ ಜಾಲಿಯ ಮುಳ್ಳು ಮುರಿದು ಕೂತು ಮೂರು ದಿನವಾಗಿತ್ತು. ಬೆರಳು ಎಳೆ ಬದನೆಕಾಯಿಯ ಹಾಗೆ ಊದಿತ್ತು. ಆದರೂ ಕೈಗೆ ಬಿಡುವೆಲ್ಲಿ? ಬೆಳಗಿನಿಂದ ಇನಾಮದಾರರ ಹೊಲದ ಜಾಲಿಕಂಟಿ ಕಡಿಯುವುದು, ಹೊರೆ ಕಟ್ಟುವುದು, ತಲೆಯ ಮೇಲೆ ಹೊತ್ತು ತಂದು ಕೆರೆಯ ದಂಡೆಗೆ ಒಗೆಯುವುದು. ತಲೆಯ ಮೇಲಿನ ಸಿಂಬಿಯನ್ನೂ ದಾಟಿ ಮುಳ್ಳು ಇಳಿಯುತ್ತಿತ್ತು. ಅಂಬಿಗರ ಕೇರಿಯ ಹನ್ನೆರಡು ಮನೆಗಳ ಹೆಂಗಸರದೂ ಅದೇ ಪಾಡು. ಅನ್ನ ಕಲಸಿದರೆ ಖಾರ ಉರಿಯುತ್ತಿತ್ತು, ನೀರು ಮುಟ್ಟಿದರೆ ನೀರೇ ಉರಿಯುತ್ತಿತ್ತು.

"ಅವ್ವಾ, ಕೈ ಇಲ್ಲೆ ತಾ," ಎಂದಳು ಮಗಳು ಹುಲಿಗೆವ್ವ. ಇನ್ನೊಂದು ಒಣಮುಳ್ಳು ಆರಿಸಿ ಅದರ ತುದಿ ನೋಡಿದಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲ.

"ಹಗೂರ ತಗಿ. ನನ್ನ ಬೆರಳದು, ಮೀನಲ್ಲ."

"ಮೀನಾಗಿದ್ರ ಇಷ್ಟ ಒದರತಿರಲಿಲ್ಲ ಬಿಡ."

ಮುಳ್ಳು ಹೊರಗೆ ಬಂತು, ಯಂಕವ್ವನ ಬಾಯಿಂದ ಒಂದು ಒಳ್ಳೆಯ ಬೈಗುಳವೂ ಬಂತು. ಸುತ್ತ ಕೂತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು.

ಉಪ್ಪಿನ ಸತ್ಯಾಗ್ರಹದ ಗದ್ದಲ ಆಗಿ ಎರಡು ವರ್ಷವಾಗಿದ್ದ ಕಾಲ ಅದು. ಲಕಮನಹಳ್ಳಿಯಿಂದ ಹುಬ್ಬಳ್ಳಿಯ ದಿಕ್ಕಿಗೆ ಒಂದು ಹರದಾರಿ ನಡೆದರೆ ಈ ಕೆರೆ. ಕೆರೆ ಇನಾಮದಾರರದು, ಒಡ್ಡು ಇನಾಮದಾರರದು, ಒಡ್ಡಿನ ಬುಡದಲ್ಲಿ ವಟಗುಟ್ಟುವ ಕಪ್ಪೆಯೂ ಅವರದೇ ಎಂದು ಕಾಗದದಲ್ಲಿ ಬರೆದಿತ್ತೋ ಏನೋ, ಓದಿದವರಿಲ್ಲ. ನೀರಿಗಿಳಿಯುವ ಮೈ ಮಾತ್ರ ಅಂಬಿಗರದು.

ದಸರೆ ಮುಗಿದ ಮೇಲೆ ಅವರು ಕೆರೆಯೊಳಗೆ ಮೀನಿಗೆ ಮನೆ ಕಟ್ಟುತ್ತಿದ್ದರು. ಜಾಲಿಯ ಹೊರೆಗಳನ್ನು ಅಡ್ಡ ಉದ್ದ ಪೇರಿಸಿ, ಪುಂಡಿನಾರಿನ ಹಗ್ಗದಿಂದ ಬಿಗಿದು, ಕಲ್ಲು ಕಟ್ಟಿ ಆಳದಲ್ಲಿ ಮುಳುಗಿಸುವುದು. ನಾಲ್ಕು ತಿಂಗಳಲ್ಲಿ ಕಂಟಿಗೆ ಪಾಚಿ ಹಿಡಿಯುತ್ತದೆ. ಪಾಚಿಗೆ ಸಣ್ಣ ಮೀನು ಬರುತ್ತದೆ, ಸಣ್ಣ ಮೀನಿಗೆ ದೊಡ್ಡ ಮೀನು. ಇನಾಮದಾರರ ವಾಡೆಗೂ ಊರಿಗೂ ಇರುವ ಸಂಬಂಧ ನೀರಿನೊಳಗೂ ಇದೆ ಅನ್ನಿ. ಹೋಳಿ ಹುಣ್ಣಿಮೆ ಕಳೆದು ನೀರು ಇಳಿದಾಗ ಆ ಮನೆಯ ಸುತ್ತ ಸಣ್ಣ ಬಲೆ ಸುತ್ತಿ, ಕಂಟಿಯನ್ನು ಒಂದೊಂದಾಗಿ ಕೈಯಿಂದ ಬಿಡಿಸಿ ಹೊರಗೆ ಹಾಕಿ, ಆಮೇಲೆ ಬಲೆ ಎತ್ತಬೇಕು. ಅವಸರ ಮಾಡಿದರೆ ಬಲೆಯೂ ಇಲ್ಲ, ಮೀನೂ ಇಲ್ಲ.

ಕೇರಿಯಲ್ಲಿ ಮಗಳ ಮದುವೆ ಗೊತ್ತಾದರೆ ಅವಳ ಹೆಸರಿನಲ್ಲಿ ಒಂದು ಮೀನಿನ ಮನೆ ಇಳಿಸುವ ಪದ್ಧತಿ ಇತ್ತು. ಹಗ್ಗದ ಕೊನೆಯ ಗಂಟು ಹಾಕುವವಳು ಆ ಹುಡುಗಿಯೇ. ಮದುವೆಗೆಂದು ಅದನ್ನು ಬಿಚ್ಚುವ ತನಕ ಅಲ್ಲಿ ಯಾರೂ ಒಂದು ಗಾಳವನ್ನೂ ಬಿಡುವಂತಿಲ್ಲ. ಬೀಗರ ಎಲೆಗೆ ಬೀಳುವುದು ಆ ಮನೆಯ ಮೀನು. ಬೀಳಲಿಲ್ಲವೆಂದರೆ, ಹುಡುಗಿ ಸಾಯುವ ತನಕ ಅತ್ತೆಮನೆಯಲ್ಲಿ ಕೇಳಬೇಕು: "ನಿಮ್ಮಪ್ಪನ ಮನ್ಯಾಗ ನೀರಾರ ಇತ್ತೋ ಇಲ್ಲೋ?" ಆ ವರ್ಷ ಹುಲಿಗೆವ್ವನ ಮದುವೆ ಯುಗಾದಿ ಮುಗಿದ ಮೂರನೆಯ ದಿನಕ್ಕೆ ಗೊತ್ತಾಗಿತ್ತು.

ಅದೇ ಹೊತ್ತಿಗೆ ವಾಡೆಯ ಕಾರಭಾರಿ ಪಂಢರಿನಾಥರಾಯ ಕೇರಿಗೆ ಬಂದಿದ್ದ. ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡುವ ಮನುಷ್ಯ. "ಧಣ್ಯಾರ ಹೊಲದಾಗಿನ ಜಾಲಿ ಎಷ್ಟ ಬೇಕಾದಷ್ಟ ಕಡಕೊಳ್ರಿ. ಮೀನಿನ ಮನಿ ಕಟ್ರಿ. ಸಿಕ್ಕದ್ದರಾಗ ಅರ್ಧಾ ವಾಡೇಕ್ಕ, ಅರ್ಧಾ ನಿಮಗ. ಇದು ಧಣ್ಯಾರ ಮಾತು," ಎಂದಿದ್ದ.

ನೋಡಿ ಚಮತ್ಕಾರ! ಎಂಟು ಎಕರೆಯ ಜಾಲಿ ಒಬ್ಬ ಆಳಿಗೂ ಕೂಲಿ ಕೊಡದೆ ಸ್ವಚ್ಛವಾಯಿತು. ಕೇರಿಯವರಿಗೆ ಇದು ಹೊಳೆಯಲಿಲ್ಲವೆಂದಲ್ಲ. ಅರ್ಧ ಸಿಗುತ್ತದಲ್ಲ ಎಂದು ನುಂಗಿಕೊಂಡರು. ಯಂಕವ್ವನ ಗಂಡ ಫಕೀರಪ್ಪ ಹನ್ನೆರಡು ಮೀನಿನ ಮನೆಗಳನ್ನೂ ಮುಳುಗಿ ಮುಳುಗಿ ಕೂರಿಸಿದ. ಅವನು ನೀರಿನಲ್ಲಿ ಹುಲಿ, ದಂಡೆಯ ಮೇಲೆ ಇಲಿ. ನೀರಿನ ಮೇಲೆ ಗುರುತಿನ ಗೂಟ ನೆಡುವ ರೂಢಿ ಅವರಲ್ಲಿಲ್ಲ. ವಾಡೆಯ ಮಾಳಿಗೆ ಹುಣಸೆಮರದ ಹಿಂದೆ ಮರೆಯಾಗಬೇಕು, ಬಲಗಡೆ ರೈಲಿನ ಕೈಮರ ಕಾಣಬೇಕು. ಅಲ್ಲಿ ಹರಿಗೋಲು ನಿಲ್ಲಿಸಿದರೆ ಕೆಳಗೆ ಹುಲಿಗೆವ್ವನ ಮನೆ.

ಹೋಳಿ ಮುಗಿದ ನಾಲ್ಕನೆಯ ದಿನ ಪಂಢರಿನಾಥರಾಯ ಮತ್ತೆ ಬಂದ.

"ನಾಳೆ ಹುಬ್ಬಳ್ಳಿ ಬಲಿಗಾರರು ಬರ್ತಾರ. ನೀವ ಯಾರೂ ನೀರಿಗಿಳಿಯೋದ ಬ್ಯಾಡ."

"ಮತ್ತ ನಮ್ಮ ಅರ್ಧಾ ರೀ ರಾಯರ?" ಯಂಕವ್ವ ಕೇಳಿದಳು.

"ಕೆರಿ ಯಾರದು?"

"ಧಣ್ಯಾರದ್ರಿ."

"ಜಾಲಿ ಯಾರದು?"

"ಅದೂ ಧಣ್ಯಾರದ್ರಿ."

"ಧಣ್ಯಾರ ಕೆರ್ಯಾಗ, ಧಣ್ಯಾರ ಜಾಲ್ಯಾಗ ಇರೋ ಮೀನ ಯಾರದು? ನೀವಽ ಹೇಳ್ರಿ."

ಫಕೀರಪ್ಪ ತನ್ನ ಕಾಲಿನ ಬೆರಳು ನೋಡುತ್ತ ನಿಂತ. ಯಂಕವ್ವ ಮುಂದೆ ಬಂದಳು.

"ಜಾಲಿ ತಾನಽ ನಡಕೋತ ಹೋಗಿ ನೀರಾಗ ಕೂತಿತೇನ್ರಿ? ಕೈ ನಮ್ಮವು!"

"ಹೌದೇನು? ಹಂಗಾರ ನಿಮ್ಮ ಕೈ ನೀವು ತಗೊಂಡ ಹೋಗ್ರಿ. ವಾಡೇಕ್ಕ ಅವು ಬ್ಯಾಡ," ಎಂದು ನಕ್ಕು ಹೋದ.

ಮನೆಯೊಳಗೆ ಹುಲಿಗೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಂಕವ್ವ ಅಳಲಿಲ್ಲ. ಅಳುವುದಕ್ಕೆ ಸಿಟ್ಟು ಜಾಗ ಕೊಡಲಿಲ್ಲ.

"ಈಗೇನ ಮಾಡೂದು?" ಫಕೀರಪ್ಪ ಕೇಳಿದ.

"ಕೈ ತಗೊಂಡ ಹೋಗ್ರಿ ಅಂದಾರಲ್ಲ. ತಗೊಂಡ ಹೋಗಿ ಒಡ್ಡಿನ ಮ್ಯಾಲ ಇಡೂಣು."

ಮರುದಿನ ಬೆಳಿಗ್ಗೆ ಹನ್ನೆರಡು ಮನೆಗಳ ಮಂದಿ, ಕೂಸು ಮುದುಕರು ಸಹಿತ, ಒಡ್ಡಿನ ಮೇಲೆ ಸಾಲಾಗಿ ಕೈಕಟ್ಟಿ ಕೂತರು. ಶೇಂಗಾ ಹುರಿದು ಕಟ್ಟಿಕೊಂಡು ಬಂದಿದ್ದರು. ಕಾರಭಾರಿಗೆ ಕಸಿವಿಸಿಯಾಯಿತು.

"ಏನಿದು, ಸತ್ಯಾಗ್ರಹ ಹೂಡೀರೇನು?"

"ಅದೆಲ್ಲಾ ನಮಗ ತಿಳಿಯೂದಿಲ್ರಿ. ಕೂತೇವಿ ಅಷ್ಟಽ. ಶೇಂಗಾ ತಿಂತೀರೇನ್ರಿ?"

ಹುಬ್ಬಳ್ಳಿಯಿಂದ ಬಂದ ಹತ್ತು ಜನರ ಮುಂದಾಳು ಖಾದರಬಾಷಾ. ದೊಡ್ಡ ಎಳೆಬಲೆಯನ್ನು ಬಿಚ್ಚಿ ಹರಡಿದ. ಯಂಕವ್ವನ ಕಣ್ಣು ಆ ಬಲೆಯ ಮೇಲೆ ಬಿತ್ತು. ಹತ್ತಾರು ಕಡೆ ಹರಿದು, ಹತ್ತಾರು ಬಣ್ಣದ ದಾರದಿಂದ ಹೆಣೆದ ಬಲೆ. ಕೆರೆ ವಾಡೆಯದಾಗಿರಬಹುದು, ಆ ಬಲೆ ವಾಡೆಯದಲ್ಲ. ಯಾವಳೋ ಒಬ್ಬಳ ಕೈ ಅದರಲ್ಲಿತ್ತು.

"ಸುಮ್ಮ ಕೂಡ," ಫಕೀರಪ್ಪ ಪಿಸುಗುಟ್ಟಿದ. "ಹರಿದ್ರ ಹರೀಲಿ. ಆಗ ಗೊತ್ತಾಗತೈತಿ."

ಯಂಕವ್ವ ಎರಡು ಶೇಂಗಾ ಒಡೆದಳು. ತಿನ್ನಲಾಗಲಿಲ್ಲ. ಎದ್ದು ನಿಂತು ಕೂಗಿದಳು: "ಏ ಯಪ್ಪಾ! ಬಲಿ ಎಳೀಬ್ಯಾಡ್ರೋ! ಕೆಳಗ ಜಾಲಿಕಂಟಿ ಐತಿ!"

ಖಾದರಬಾಷಾ ಕಾರಭಾರಿಯ ಮುಖ ನೋಡಿದ.

"ಆಕೀ ಮಾತೇನ ಕೇಳ್ತೀ? ಮೀನ ತಪ್ಪಿಸಬೇಕಂತ ನಾಟಕ ಮಾಡ್ತಾಳ. ಎಳಿ, ಎಳಿ!"

ಎಳೆದರು. ಒಂದು ಮಾರು ಬಂತು, ಎರಡು ಮಾರು ಬಂತು, ಆಮೇಲೆ ಬಲೆ ನಿಂತಿತು. ಕಾರಭಾರಿ ದಂಡೆಯ ಮೇಲೆ ಕುಣಿದಾಡಿದ: "ಭಾರಾಗೇದ ನೋಡ್ರಿ! ಮೀನ ತುಂಬ್ಯಾವ! ಜಗ್ರಿ!" ಹತ್ತೂ ಜನ ಹಿಮ್ಮಡಿ ಊರಿ ಜಗ್ಗಿದರು. ನೀರಿನೊಳಗೆ ಪರ್ ಅಂದದ್ದು ಒಡ್ಡಿನ ತನಕ ಕೇಳಿಸಿತು. ಹತ್ತೂ ಜನ ಹಿಂದಕ್ಕೆ ಮಗುಚಿ ಬಿದ್ದರು. ಕೈಗೆ ಬಂದದ್ದು ಚಿಂದಿ ಬಲೆ, ಅದಕ್ಕೆ ಸಿಕ್ಕಿಕೊಂಡ ಒಂದು ಜಾಲಿಯ ಟೊಂಗೆ. ಅದರಲ್ಲಿ ಬೆರಳುದ್ದದ ಒಂದು ಮೀನು ಇತ್ತು, ಅದೂ ಜಿಗಿದು ಹೋಯಿತು.

ಒಡ್ಡಿನ ಮೇಲೆ ಯಾರೂ ನಗಲಿಲ್ಲ. ಖಾದರಬಾಷಾ ಆ ಚಿಂದಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ.

"ನಮ್ಮ ಮನ್ಯಾಕಿ ಹಾಜರಾಬಿ ಎರಡ ವರ್ಷ ಕೂತ ಹೆಣದಾಳ್ರಿ ಇದನ್ನ," ಎಂದು ಕಾರಭಾರಿಯ ಕಡೆ ತಿರುಗಿದ. "ಕೆಳಗ ಕಂಟಿ ಇದ್ದದ್ದು ನಿಮಗ ಗೊತ್ತಿತ್ತಿಲ್ರಿ?"

"ಗೊತ್ತಿದ್ರೇನು? ಜಗ್ಗಿದ್ರ ಬರತದ ಅಂತ ತಿಳಿದಿದ್ದೆ. ಬಲಿ ನಿಮ್ಮದು, ಹರಕೊಂಡವರೂ ನೀವು. ಮೀನ ತಗೀಲಿಲ್ಲ ಅಂದ್ರ ಕೂಲೀನೂ ಇಲ್ಲ."

ಖಾದರಬಾಷಾ ಎದ್ದು ಒಡ್ಡು ಹತ್ತಿದ. "ಅಕ್ಕಾ, ನೀ ಖರೇ ಹೇಳಿದ್ದಿ. ನಾ ಕೇಳಲಿಲ್ಲ."

"ಮದಲ ಕುಂದರ್ಪಾ. ನೀರ ಕುಡಿ."

ಕುಡಿದ. ಕೆರೆಯನ್ನು ನೋಡಿದ. "ನೀವು ಹೆಂಗ ತಗೀತೀರಿ?"

"ಕೈಲೆ," ಎಂದಳು ಯಂಕವ್ವ. "ಇಪ್ಪತ್ತ ಕೈ ನಿಮ್ಮವು ಅದಾವು. ನಮ್ಮವು ಇನ್ನೂ ಭಾಳ ಅದಾವು. ಬರ್ತೀಯೇನು?"

ಇಷ್ಟು ಹೇಳಿ ಸೀರೆಯ ಕಚ್ಚೆ ಬಿಗಿದಳು. ಒಡ್ಡು ಪೂರ್ತಿ ಎದ್ದಿತು. ಕಾರಭಾರಿ ಓಡಿ ಬಂದ: "ಯಾರ ಹುಕುಮಿನ ಮ್ಯಾಲ ಇಳೀತೀರಿ? ಧಾರವಾಡದಿಂದ ಫೌಜದಾರನ್ನ ಕರಸ್ತೇನಿ!"

"ಕರಸ್ರಿ ರಾಯರ. ನಿಮ್ಮ ಮಾತಿನ ಮ್ಯಾಲಽ ಇಳಿಯಾಕತ್ತೇವಿ. ಅರ್ಧಾ ವಾಡೇಕ್ಕ, ಅರ್ಧಾ ನಮಗ. ನೀವು ಮರತ್ರೂ ನಾವು ಮರತಿಲ್ಲ."

ಫಕೀರಪ್ಪ ನೀರು ಮುಟ್ಟಿದ್ದೇ ತಡ, ಇಲಿ ಹೋಗಿ ಹುಲಿಯಾದ. ಮಾಳಿಗೆ ಹುಣಸೆಮರದ ಹಿಂದೆ ಮರೆಯಾಯಿತು, ಕೈಮರ ಕಂಡಿತು, "ಇಲ್ಲೇ!" ಎಂದು ಕೂಗಿ ಮುಳುಗಿದ. ಸಣ್ಣ ಬಲೆಗಳು ಸುತ್ತ ನಿಂತವು. ಕಂಟಿ ಒಂದೊಂದಾಗಿ ಮೇಲೆ ಬಂತು. ಫಕೀರಪ್ಪನ ಕೈಯಿಂದ ಖಾದರಬಾಷಾನ ಕೈಗೆ, ಅಲ್ಲಿಂದ ಯಂಕವ್ವನ ಕೈಗೆ, ಕೈಯಿಂದ ಕೈಗೆ ದಾಟಿ ದಂಡೆ ಸೇರಿತು. ಮುಳ್ಳು ಚುಚ್ಚಿದಾಗ ಹುಬ್ಬಳ್ಳಿಯವರು ಉರ್ದುವಿನಲ್ಲಿ ಬೈದರು, ಕೇರಿಯವರು ಕನ್ನಡದಲ್ಲಿ ಬೈದರು, ಮಧ್ಯಾಹ್ನದ ಹೊತ್ತಿಗೆ ಬೈಗುಳ ಅದಲುಬದಲಾಗಿತ್ತು. ಕೊನೆಯ ಕಂಟಿ ಬಂದಾಗ ಬಲೆಯೊಳಗಿನ ನೀರು ಕುದಿಯುವ ಎಸರಿನ ಹಾಗೆ ಕೊತಕೊತ ಅಂದಿತು. ಗೆಂಡೆ, ಬಾಳೆಮೀನು, ಫಕೀರಪ್ಪನ ತೋಳಿಗೆ ಸುತ್ತಿಕೊಂಡ ಒಂದು ಮಾರುದ್ದದ ಹಾವುಮೀನು. ಹುಲಿಗೆವ್ವ ದಂಡೆಯ ಮೇಲೆ ಚಪ್ಪಾಳೆ ಹೊಡೆದು ಕುಣಿದಳು, ಮದುಮಗಳೆನ್ನುವುದನ್ನೂ ಮರೆತು.

ಅಂದು ನಾಲ್ಕು ಮನೆ ಬಿಚ್ಚಿದರು. ಮೀನನ್ನು ಎಲ್ಲರೆದುರಿಗೆ ಸಮಾ ಎರಡು ಪಾಲು ಮಾಡಿದರು. ತಮ್ಮ ಪಾಲಿಗೆ ಬಂದ ಹುಲಿಗೆವ್ವನ ಮನೆಯ ಮೀನನ್ನು ಮದುವೆಗೆಂದು ಜೀವಂತವಾಗಿ ಬುಟ್ಟಿಯಲ್ಲಿಟ್ಟು ಮತ್ತೆ ನೀರಿಗೆ ಇಳಿಬಿಟ್ಟರು. ದಂಡೆಯ ಮೇಲೆ ಜಾಲಿ ಗುಡ್ಡದಷ್ಟು ಬಿದ್ದಿತ್ತು.

"ಅಕ್ಕಾ, ಈ ಜಾಲಿ ಏನ ಮಾಡೂದು?"

"ಧಣ್ಯಾರದಲ್ಲೇನಪಾ? ಧಣ್ಯಾರಿಗೆ ಮುಟ್ಟಸೂಣು."

ಬಿಸಿಲು ಇಳಿಯುವ ಮೊದಲೇ ವಾಡೆಯ ಬಾಗಿಲ ಮುಂದೆ ಆಳೆತ್ತರದ ಜಾಲಿ ಬಿತ್ತು. ಪಾಚಿ ಸುರಿಯುವ, ಕೆಸರು ನಾರುವ ಜಾಲಿ. ಅದರ ಬುಡದಲ್ಲಿ ವಾಡೆಯ ಪಾಲಿನ ಮೀನಿನ ಬುಟ್ಟಿಗಳು. ಕಾಗೆ ಬಂದವು, ಹದ್ದು ಬಂದವು, ಊರೂ ಬಂತು. ಒಳಗೆ ಧಣಿಯ ದಮಣಿ ಗಾಡಿ ಎತ್ತು ಹೂಡಿಕೊಂಡು ಧಾರವಾಡಕ್ಕೆ ಹೊರಟು ನಿಂತಿತ್ತು. ದಾರಿಯೇ ಇಲ್ಲ.

ಮಾಳಿಗೆಯಿಂದ ಧಣಿಯ ಧ್ವನಿ ಬಂತು: "ಪಂಢರೀ, ಏನೋ ಇದು ನಾತ?"

ಪಂಢರಿನಾಥರಾಯ ಕರವಸ್ತ್ರದೊಳಗಿಂದ ಹೇಳಿದ, "ಯಂಕವ್ವಾ, ಲಗೂನ ಎತ್ರಿ. ಮೀನ ಹುಬ್ಬಳ್ಳಿ ಪ್ಯಾಟಿಗೆ ಒಯ್ರಿ. ಕೆಟ್ಟ ಹೋಗ್ತಾವ."

"ನಮ್ಮ ಕೈ ವಾಡೇಕ್ಕ ಬ್ಯಾಡ ಅಂದಿದ್ರೆಲ್ರಿ?"

ಊರು ಗೊಳ್ಳೆಂದಿತು. ವಾಡೆಯ ಆಳುಗಳೂ ಗೋಡೆಯ ಕಡೆ ಮುಖ ಮಾಡಿ ನಕ್ಕರು. ಕಾರಭಾರಿ ಮಾಳಿಗೆ ನೋಡಿದ, ಮೀನು ನೋಡಿದ, ಮೇಲೆ ತಿರುಗುವ ಹದ್ದು ನೋಡಿದ.

"ಏನ ಬೇಕ ಹೇಳು."

"ಉಳಿದ ಎಂಟ ಮನಿ ನಾವಽ ಬಿಚ್ಚತೇವಿ. ವರ್ಷಾ ವರ್ಷಾ ಅರ್ಧಾ ನಮಗ. ಅದನ್ನ ಈಗ, ಇಲ್ಲೇ, ಊರಿನ ಮುಂದ ಹೇಳ್ರಿ. ಖಾದರಣ್ಣನ ಬಲಿಗೆ ನೂಲು ವಾಡೇದು. ಹೆಣಿಯೂದು ನಾವು ನೋಡಕೋತೇವಿ."

ಹೇಳಿದ. ಮೂಗಿನಿಂದ ಕರವಸ್ತ್ರ ತೆಗೆಸಿ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಬುಟ್ಟಿಗಳು ಎದ್ದವು.

"ಮತ್ತ ಈ ಜಾಲಿ?" ಕಾರಭಾರಿ ಕೂಗಿದ.

"ಅದು ನಿಮ್ಮದಲ್ಲೇನ್ರಿ ರಾಯರ?" ಎಂದು ಯಂಕವ್ವ ತಿರುಗಿ ನೋಡದೆ ನಡೆದಳು.

ಯುಗಾದಿಯ ಮೂರನೆಯ ದಿನ ಹುಲಿಗೆವ್ವನ ಮದುವೆ. ಬೀಗರು ಎಲೆಯ ಮುಂದಿಂದ ಏಳಲೊಲ್ಲರು. ಹೆಣೆದು ಮುಗಿದ ಬಲೆಯನ್ನು ಚಪ್ಪರಕ್ಕೆ ತೂಗುಹಾಕಿ ಖಾದರಬಾಷಾ ಮತ್ತು ಅವನ ಮಂದಿ ಪಂಕ್ತಿಯಲ್ಲಿ ಕೂತಿದ್ದರು. ಹಾಜರಾಬಿಯೂ ಬಂದಿದ್ದಳು. ಹೊಸ ಹೆಣಿಗೆಯಲ್ಲಿ ಎರಡು ತಪ್ಪು ಕಂಡುಹಿಡಿದು ಯಂಕವ್ವನ ಜೊತೆ ಜಗಳವನ್ನೂ ಆಡಿದ್ದಳು.

ಆಗ ಪಂಢರಿನಾಥರಾಯ ಬಂದ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಜಾಲಿ ತೆಗೆಯಲು ಊರಿನಲ್ಲಿ ಒಬ್ಬ ಆಳೂ ಸಿಕ್ಕಿರಲಿಲ್ಲ. ಧಣಿಯ ಬೈಗುಳ ತಾಳದೆ ತಾನೇ ಕೈ ಹಾಕಿದ್ದ. ಹೆಬ್ಬೆರಳಿನ ಉಗುರಿನ ಕೆಳಗೆ ಮುಳ್ಳು ಮುರಿದು, ಬೆರಳು ಎಳೆ ಬದನೆಕಾಯಿಯಾಗಿತ್ತು.

"ತಗಿಯವ್ವಾ, ಪ್ರಾಣ ಹೋಗ್ಲಿಕ್ಕತ್ತದ. ನಿಮ್ಮ ಮಂದಿಗೆ ಇದು ಛಲೋ ಬರತದಂತ."

ಯಂಕವ್ವ ಅವನನ್ನು ಚಪ್ಪರದ ನಡುವೆ ಕೂರಿಸಿದಳು. ಒಣಮುಳ್ಳೊಂದನ್ನು ತರಿಸಿ ಅವನ ಬೆರಳು ಹಿಡಿದಳು.

"ಈ ಮುಳ್ಳ ಯಾರದ್ರಿ ರಾಯರ?"

"...ವಾಡೇದು."

"ಬೆರಳ?"

"ನಂದು."

"ತಗಿಯೂ ಕೈ?"

ಕಾರಭಾರಿ ಸುತ್ತ ನೋಡಿದ. ಖಾದರಬಾಷಾ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಅಲ್ಲೇ ಹಿಡಿದಿದ್ದ. ಮದುಮಗಳು ಮುಖದ ಮೇಲಿನ ಹೂದಂಡೆ ಸರಿಸಿ ನೋಡುತ್ತಿದ್ದಳು.

"ನಿಮ್ಮದಽ, ಮಾರಾಯ್ತಿ, ನಿಮ್ಮದಽ."

"ಜೋರಾಗಿ ಹೇಳ್ರಿ," ಎಂದಳು ಯಂಕವ್ವ, ಬೆರಳು ಬಿಡದೆ. "ಹಿಂದ ಕೂತ ಬೀಗರಿಗೆ ಕೇಳಸಲಿಲ್ಲ."